ಹೆಂಗಸಿನ ಕುರ್ಚಿ

"ಹೆಂಗಸಿನ ಕುರ್ಚಿ ಇರೋದೇ ಒಂದು ಮೇಡಂ. ಅದ್ರಲ್ಲಿ ಗುಂಡ ಕೂತಿದ್ದಾನೆ," ಎಂದರು ನಿರ್ಮಾಪಕ ಉತ್ತಯ್ಯ.

ಶೋಭಿತಾ ಸ್ಟುಡಿಯೋದೊಳಗೆ ಇಣುಕಿದಳು. ಆರು ಕುರ್ಚಿ, ನಾಲ್ವರು ಹಾಸ್ಯಗಾರರು. ಅವರ ಪಕ್ಕದಲ್ಲಿ ಹಳದಿ ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು ಕೂತಿದ್ದ ಐವತ್ತರ ಗುಂಡ. ಕೇಬಲ್ ಚಾನೆಲ್ಲಿನ ಈ ಹರಟೆ ಕಾರ್ಯಕ್ರಮದಲ್ಲಿ ಒಬ್ಬ ಹೆಂಗಸೂ ಇಲ್ಲವೆಂದು ವೀಕ್ಷಕರು ದೂರಿದ್ದರಿಂದಲೇ ಶೋಭಿತಾಳನ್ನು ಕರೆಸಿದ್ದು. ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಅವಳು ಆಳುಗಳ ಲೆಕ್ಕ ಬರೆಯುವ ರೈಟರ್. ಅವಳು ಬಾಯಿ ಬಿಟ್ಟರೆ ಕಾಫಿ ಕುಯ್ಯುವವರು ಚೀಲ ಕೆಳಗಿಟ್ಟು ನಗುತ್ತಿದ್ದರು.

"ಅವರು ಎದ್ದರೆ ಆಯ್ತಲ್ಲ ಸರ್?"

ಗುಂಡ ಸೆರಗು ಬಿಗಿದುಕೊಂಡ. "ಎಂಟು ವರ್ಷದಿಂದ ಇಲ್ಲಿ ನಾನೇ ಹೆಂಗಸು."

ಉತ್ತಯ್ಯ ತಲೆ ಕೆರೆದುಕೊಂಡರು. "ಆ ಖಾಲಿ ಕುರ್ಚಿ ಕರಿಬಸಪ್ಪಂದು, ಯಾರದೋ ಮದುವೆಗೆ ಹೋಗಿದ್ದಾರೆ. ಅವರ ಜಾಗದಲ್ಲಿ ಕೂರಿ. ಆದ್ರೆ ಮೀಸೆ ಅಂಟಿಸ್ಕೊಬೇಕು. ಇಬ್ರು ಹೆಂಗಸ್ರು ಕಂಡ್ರೆ ಜನ ಅಡುಗೆ ಕಾರ್ಯಕ್ರಮ ಅಂದ್ಕೊಂಡು ಚಾನೆಲ್ ಬದಲಾಯಿಸ್ತಾರೆ."

ಶೋಭಿತಾಗೆ ಹೊರಟುಹೋಗಬೇಕೆನಿಸಿತು. ಆದರೆ ಮನೆಯವರಿಗೆಲ್ಲ ಟೀವಿಯಲ್ಲಿ ಬರುತ್ತೇನೆಂದು ಹೇಳಿಬಿಟ್ಟಿದ್ದಳು. ಮೀಸೆ ಅಂಟಿಸಿಕೊಂಡು, ಕರಿಬಸಪ್ಪನವರ ಕೋಟು ತೊಟ್ಟು ಕೂತಳು.

"ತೋಟಕ್ಕೆ ಆನೆ ಬಂತು ಅಂತ ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿದೆ," ಎಂದು ಶುರುಮಾಡಿದಳು. "ಸರಿಯಾಗಿ ಕೇಳ್ತಿಲ್ಲ, ಸಿಗ್ನಲ್ ಇರೋ ಕಡೆ ಹೋಗಿ ಅಂದ್ರು. ಗುಡ್ಡ ಹತ್ತಿದೆ. ಆನೆನೂ ಹತ್ತಿತು. ಅದಕ್ಕೂ ಅಲ್ಲೇ ಸಿಗ್ನಲ್!"

ನಾಲ್ವರೂ ತೊಡೆ ತಟ್ಟಿ ನಕ್ಕರು. "ಭಲೇ!" ಎಂದ ಒಬ್ಬ. ಆಮೇಲೆ ಗುಂಡ ಬಾಯಿ ತೆರೆದ. "ನಮ್ಮನೇಲೂ ಒಂದ್ಸಲ..." ಎನ್ನುವಷ್ಟರಲ್ಲಿ ಪಕ್ಕದವನು ಮಾತು ಕಸಿದ. ಗುಂಡ ಮತ್ತೆ ಶುರುಮಾಡಿದ. ಇನ್ನೊಬ್ಬ ಅವನ ಸೀರೆಯ ಬಣ್ಣದ ಮೇಲೆ ಜೋಕು ಹೊಡೆದ. ಮೂರನೇ ಸಲ ಗುಂಡ ಬಳೆ ಸದ್ದು ಮಾಡಿ ಸುಮ್ಮನಾದ.

ಶೋಭಿತಾ ಎರಡನೆಯ ಕಥೆಯ ಮಧ್ಯದಲ್ಲಿದ್ದಾಗ ಲೈಟಿನ ಶಾಖಕ್ಕೆ ಮೀಸೆ ಕಳಚಿ ಮಡಿಲಿಗೆ ಬಿತ್ತು. "ಇವ್ರು ಹೇಳೋಕೆ ಹೊರಟಿರೋದು ಏನಂದ್ರೆ..." ಎಂದು ಪಕ್ಕದವನು ಕೂಡಲೇ ಬಾಯಿ ಹಾಕಿದ.

"ಕಟ್!" ಉತ್ತಯ್ಯ ಓಡಿಬಂದರು. "ಬೇಗ ಅಂಟಿಸ್ರೋ! ಕಥೆ ಅರ್ಧಕ್ಕೆ ನಿಂತಿದೆ!"

ಅಂಟಿಸಿದರು. ಅದೇ ಕಥೆಯನ್ನು ಅವಳು ಮತ್ತೆ ಹೇಳಿದಳು. ಎಲ್ಲರೂ ಕೊನೆತನಕ ಕೇಳಿ ಕಣ್ಣೀರು ಬರುವಂತೆ ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ.

ಸಂಜೆ ನಾಲ್ಕಕ್ಕೆ ಬಸ್ ಸ್ಟಾಪಿನಲ್ಲಿ ಗುಂಡ ಅವಳ ಪಕ್ಕ ಬಂದು ಕೂತ. ಈಗ ಪ್ಯಾಂಟು ಶರ್ಟು, ಹಣೆಯಲ್ಲಿ ಕುಂಕುಮ ಮಾತ್ರ ಹಾಗೇ ಇತ್ತು. ಬೆಳಗಿನ ಬಿಗಿ ಮುಖವಿರಲಿಲ್ಲ.

"ಮೇಡಂ, 'ನಮ್ಮನೇಲೂ ಒಂದ್ಸಲ' ಅಂತ ಒಂದು ಜೋಕು," ಎಂದ ಮೆಲ್ಲಗೆ. "ಎಂಟು ವರ್ಷ ಆಯ್ತು, ಇನ್ನೂ ಮುಗಿಸೋಕಾಗಿಲ್ಲ. ಕೇಳ್ತೀರಾ?"

ಸುಂಟಿಕೊಪ್ಪದ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಶೋಭಿತಾ ಬ್ಯಾಗು ಕೆಳಗಿಟ್ಟಳು.

"ಹೇಳಿ," ಎಂದಳು.