ಮಲಗುವ ಸೀಟು

ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಮುಂಬಯಿ ಹತ್ತಿರದ ಕಲ್ಯಾಣ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ತೊಂಬತ್ತರ ದಶಕ. ಅಮ್ಮನಿಗೆ ಬೆನ್ನುಹುರಿಯ ಕಾಯಿಲೆ. ಕೂತು ಪ್ರಯಾಣ ಮಾಡುವಂತಿರಲಿಲ್ಲ. ಅಪ್ಪನ ಹೋಟೆಲಿಗೆ ದಿನಾ ತರಕಾರಿ ಹೊರುತ್ತಿದ್ದ ಹಳೆಯ ಫಿಯೆಟ್ಟೇ ಅವಳನ್ನೂ ಮುಂಬಯಿಯ ಆಸ್ಪತ್ರೆಗೆ ಒಯ್ಯಬೇಕಿತ್ತು. ಅದಕ್ಕೇ ಅಪ್ಪ ಪಕ್ಕದ ಶಹಾಡಿನ ಗ್ಯಾರೇಜಿನಲ್ಲಿ ಮುಂದಿನ ಎಡ ಸೀಟಿಗೆ ಹೊಸ ಕೀಲು, ಹೊಸ ರೆಕ್ಸಿನ್ ಹಾಕಿಸಿದರು.

"ಏಕ್ ಖಟ್ಕಾ ಸೇಠ್, ಪಲಂಗ್ ತಯಾರ್!" ಎಂದು ಮೇಸ್ತ್ರಿ ಸೀಟಿನ ಪಕ್ಕದ ಹಿಡಿಯನ್ನು ಒಮ್ಮೆ ಎಳೆದ. ಸೀಟಿನ ಬೆನ್ನು ಹಿಂದಕ್ಕೆ ಒರಗಿ ಹಾಸಿಗೆಯಾಯಿತು. ಎತ್ತಿ ನಿಲ್ಲಿಸಿದರೆ ಮೊದಲಿನಂತೆ ಹಿಂದೆ ತರಕಾರಿ ಮೂಟೆಗಳಿಗೆ ಜಾಗ.

ಸೀಟು ಹೇಗಿದೆಯೆಂದು ನೋಡಲು ಅಂದೇ ಅಮ್ಮನನ್ನು ಮಲಗಿಸಿಕೊಂಡು ಊರೊಳಗೆ ಒಂದು ಸುತ್ತು ಹೊರಟೆವು. ಹಿಂದೆ ಕೂತಿದ್ದ ನನ್ನ ಮೊಣಕಾಲಿನ ಪಕ್ಕವೇ ಅವಳ ತಲೆ. ತಲೆಕೆಳಗಾಗಿ ಕಂಡ ಆ ಮುಖ ನಗುತ್ತಿತ್ತು.

"ರಸ್ತೆ ಕಾಣುದಿಲ್ಲ ಮಗಾ, ಬರೀ ಆಕಾಶ, ಮತ್ತೆ ಕರೆಂಟಿನ ತಂತಿ."

ಮನೆಯ ಗಲ್ಲಿ ಬಂದಾಗ ಅಪ್ಪನಿಗೆ, "ಈಗ್ಲೇ ಮನೆ ಬೇಡ ಮಾರಾಯ್ರೆ, ಇನ್ನೊಂದು ಸುತ್ತು ಹೋಗುವ" ಎಂದಳು. ಅಪ್ಪ ಗಾಡಿ ತಿರುಗಿಸಿದರು.

ಆಸ್ಪತ್ರೆಯ ದಿನ ಬರುವ ಮೊದಲೇ ಅಮ್ಮ ತೀರಿಕೊಂಡಳು.

ಆಮೇಲೆ ಮೊದಲ ಸಲ ಅಪ್ಪನ ಗಾಡಿಯಲ್ಲಿ ಶಾಲೆಗೆ ಹೊರಟ ಬೆಳಿಗ್ಗೆ ತರಕಾರಿ ಮೂಟೆಗಳು ಹಿಂದೆ ಒತ್ತಿಕೊಂಡಿದ್ದವು. ಮುಂದಿನ ಸೀಟು ಖಾಲಿಯಿದ್ದರೂ ಒರಗಿಯೇ ಇತ್ತು. ಅದನ್ನು ಎತ್ತಲು ನಾನು ಹಿಡಿಗೆ ಕೈ ಹಾಕಿದೆ.

"ಬೇಡ ಮಗಾ, ಹಿಂದೆಯೇ ಕೂತ್ಕೋ" ಎಂದರು ಅಪ್ಪ.

ಮೂಟೆಗಳ ನಡುವೆ ಮುದುಡಿ ಕೂತೆ. ಅಪ್ಪ ಪ್ರತಿ ಹೊಂಡದಲ್ಲೂ ಗಾಡಿಯನ್ನು ಮೆಲ್ಲಗೆ ಇಳಿಸಿ, ಎಡಗಡೆಯ ಸೀಟಿನತ್ತ ತಿರುಗಿ ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು: "ನೋವಾಯ್ತಾ?"