ಒಲೆಯಿಲ್ಲದೆ ಕುದಿದದ್ದು

ತನ್ನ ಪಾರ್ಲರಿನಲ್ಲಿ ಸೆಲ್ವಿ ಮಧುಶ್ರೀಯ ಕತ್ತಿನ ಹಿಂದಿನಿಂದ ಒಂದು ಚಿಟಿಕೆ ಕೂದಲು ಕತ್ತರಿಸಿದ್ದೇ ತಡ, ಬೆಂಚಿನ ಮೇಲೆ ಕೂತಿದ್ದ ಗುರುಲಿಂಗಮ್ಮ ಎದ್ದು ಬಂದಳು.

“ಅದ್ಯಾಕವ್ವ ಕತ್ತರಿಸ್ದೆ? ನೆಟ್ಟಗ ಮಾಡು ಅಂದ್ರ ಕುಯ್ದು ಇಟ್ಕತೀಯಲ್ಲ!”

“ಪರೀಕ್ಷೆಗೆ ಕಣಮ್ಮ. ಮದ್ದು ಈ ಕೂದ್ಲಿಗೆ ಒಗ್ಗುತ್ತಾ ಅಂತ ಮೊದ್ಲು ನೋಡ್ಬೇಕು.”

“ಮದ್ದಾ?” ಗುರುಲಿಂಗಮ್ಮನ ಊರಿನಲ್ಲಿ ಮದ್ದು ಎಂದರೆ ಒಂದೋ ಆಸ್ಪತ್ರೆಯದು, ಇಲ್ಲವೇ ಆಗದವರು ಊಟದಲ್ಲಿ ಬೆರೆಸಿ ಕೊಡುವಂಥದ್ದು. “ನೀನು ಯಾವ ಕಡೆಯೋಳು?”

“ತಲಮಲೆ ಕಡೆ.”

“ಓ, ಕಾಡ್ನೋರು,” ಎಂದು ಅವಳು ಬೆಂಚನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು.

ಗುರುಲಿಂಗಮ್ಮ ವರನ ಸೋದರತ್ತೆ. ಗುರುವಾರ ನಿಶ್ಚಿತಾರ್ಥ. ಮಧುಶ್ರೀಯ ಗುಂಗುರು ಕೂದಲು ನೆಟ್ಟಗಾಗಬೇಕು, ಅದಕ್ಕೆ ಕಂದು ಬಣ್ಣವೂ ಬರಬೇಕು ಎಂಬುದು ವರನ ಆಸೆ. ಹುಡುಗಿಯನ್ನು ಒಬ್ಬಳೇ ತಾಳವಾಡಿಗೆ ಕಳಿಸುವುದು ಬೇಡವೆಂದು ಇವಳು ಜೊತೆಗೆ ಬಂದಿದ್ದಳು. ಎರಡನ್ನೂ ಒಂದೇ ದಿನ ಮಾಡುವುದಿಲ್ಲ, ಇವತ್ತು ನೆಟ್ಟಗೆ ಮಾಡಿದರೆ ಬಣ್ಣ ಎರಡು ವಾರ ಬಿಟ್ಟು ಎಂದು ಸೆಲ್ವಿ ಹೇಳಿದಾಗಲೇ ಅವಳ ಹುಬ್ಬು ಗಂಟಿಕ್ಕಿತ್ತು.

“ಮೊದ್ಲು ಯಾವತ್ತಾದ್ರೂ ಡೈ ಹಾಕಿದ್ಯಾ?” ಸೆಲ್ವಿ ಕೇಳಿದಳು.

“ಇಲ್ಲಕ್ಕ,” ಎಂದಳು ಮಧುಶ್ರೀ.

“ಇಪ್ಪತ್ತೆರಡು ವರ್ಸದ ಉಡ್ಗಿಗೆ ಡೈ ಯಾಕವ್ವ? ಮುದ್ಕರು ಆಕ್ಕೊಳದು ಅದು,” ಎಂದು ಗುರುಲಿಂಗಮ್ಮ ನಕ್ಕಳು. ಮಧುಶ್ರೀ ನಗಲಿಲ್ಲ.

ಸೆಲ್ವಿ ಕತ್ತರಿಸಿದ ಎಳೆಗಳನ್ನು ಗಾಜಿನ ಬಟ್ಟಲಲ್ಲಿಟ್ಟು, ಎರಡು ಬಾಟಲಿಗಳಿಂದ ಅಳೆದು ಸುರಿದಳು. ಸತ್ಯಮಂಗಲದಲ್ಲಿ ಕೆಲಸ ಕಲಿಯುವಾಗ ಮೊದಲ ವಾರವೇ ಹೇಳಿಕೊಟ್ಟ ಪಾಠ ಅದು: ಬಂದವರ ಬಾಯಿಯನ್ನು ನಂಬಬೇಡ, ಕೂದಲನ್ನು ಕೇಳು. ಗುರುಲಿಂಗಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿಯಲು ಹೊರಗೆ ಹೋದಳು. ಅಷ್ಟರಲ್ಲಿ ಮಧುಶ್ರೀ ಸೆಲ್ವಿಯ ಕೈ ಹಿಡಿದುಕೊಂಡಳು.

“ಅಕ್ಕ, ಡೈ ಅಲ್ಲ, ಕರೀ ಮೆಹಂದಿ. ಒಂಬತ್ತನೇ ಕ್ಲಾಸಿಂದ್ಲೂ ಆಕ್ತಾ ಇವ್ನಿ. ಒಳಗೆಲ್ಲ ಬೆಳ್ಳಗವೆ ಕಣಕ್ಕ. ಅತ್ತೆಗೆ ಗೊತ್ತಾದ್ರೆ ಸಂಬಂದನೇ ಬುಟ್ಬುಡ್ತಾರೆ.”

“ಪ್ಯಾಕೆಟ್‌ನಲ್ಲಿ ಬರೋದಾ?”

“ಊಂ.”

“ಅದೂ ಡೈನೇ ಕಣೇ! ಅದ್ರ ಮೇಲೆ ಈ ಮದ್ದು ಬಿದ್ರೆ...”

ಅವಳು ಮಾತು ಮುಗಿಸುವ ಮೊದಲೇ ಬಟ್ಟಲಲ್ಲಿ ನೊರೆ ಎದ್ದಿತು. ಗುಳ್ಳೆಗಳು ಒಂದರ ಮೇಲೊಂದು ಉಕ್ಕಿದವು. ಗಾಜು ಮುಟ್ಟಲಾಗದಷ್ಟು ಬಿಸಿಯಾಯಿತು. ಕಪ್ಪು ಎಳೆಗಳು ಹಸಿರಿಗೆ ತಿರುಗಿ, ಕಡ್ಡಿಯಿಂದ ಎತ್ತಿದರೆ ನೆಂದ ಶಾವಿಗೆಯ ಹಾಗೆ ತುಂಡಾಗಿ ಬಿದ್ದವು.

ಗುರುಲಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು.

“ಒಲೆ ಇಲ್ಲ, ಬೆಂಕಿ ಇಲ್ಲ. ನಮ್ಮುಡ್ಗಿ ಕೂದ್ಲು ಅದೆಂಗವ್ವ ಕುದೀತಾ ಅದೆ?”

ಸೆಲ್ವಿಯ ಹತ್ತಿರ ಉತ್ತರ ಇತ್ತು, ಒಂದೇ ಮಾತಿನದು. ಅದನ್ನು ಹೇಳಿದರೆ ಗುರುವಾರದ ನಿಶ್ಚಿತಾರ್ಥ ನಿಲ್ಲುತ್ತದೆ. ಹೇಳದಿದ್ದರೆ, ಬಾಗಿಲು ತೆರೆದು ಇನ್ನೂ ಮೂರು ತಿಂಗಳಾಗದ ಈ ಪಾರ್ಲರಿನ ಕುರ್ಚಿಯಲ್ಲಿ ನಾಳೆಯಿಂದ ಯಾರೂ ಕೂರುವುದಿಲ್ಲ. ಅವಳು ಕನ್ನಡಿಯಲ್ಲಿ ಮಧುಶ್ರೀಯನ್ನು ನೋಡಿದಳು. ಮಧುಶ್ರೀ ತಲೆ ತಗ್ಗಿಸಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

“ಈ ಕೂದ್ಲಿಗೆ ಆಗಲ್ಲಮ್ಮ, ನಾನು ಮಾಡಲ್ಲ. ಬೇರೆ ಕಡೆನೂ ಮಾಡಿಸ್ಬೇಡಿ. ಮಾಡಿಸ್ಲೇಬೇಕು ಅಂದ್ರೆ, ಅಲ್ಲೂ ಮೊದ್ಲು ನಾಕೆಳೆ ಕತ್ತರಿಸಿ ನೋಡಕ್ಕೆ ಹೇಳಿ.”

“ನೀನು ಕತ್ತರಿಸಿದ್ದು ಸಾಲ್ದೂಂತ ಇನ್ನೊಬ್ರ ಕೈಗೂ ಕೊಡ್ಬೇಕಾ? ಯಾರು ಯೋಳವ್ರೆ ನಿಂಗೆ ಈ ಮಾಟ ಮಾಡಕೆ? ಏಳು ಮಧು, ಓಗಣ!”

“ನಂಗೂ ಅನುಮಾನನೇ ಆಯ್ತು ಅತ್ತೆ,” ಎಂದಳು ಮಧುಶ್ರೀ, ಸೆಲ್ವಿಯ ಕಡೆ ನೋಡದೆ.

ಗುರುಲಿಂಗಮ್ಮ ಹೊಸ್ತಿಲಾಚೆ ನಿಂತು ಮೂರು ಸಲ ಉಗಿದಳು. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಹೂವಿನವಳಿಗೆ, ಬಳೆ ಅಂಗಡಿಯವಳಿಗೆ, ಗೆಟ್ಟವಾಡಿಗೆ ಹೊರಟಿದ್ದ ಹೆಂಗಸರಿಗೆಲ್ಲ ಸುದ್ದಿ ಹಂಚಿಯಾಗಿತ್ತು.

ಹತ್ತು ದಿನ ಯಾರೂ ಬರಲಿಲ್ಲ. ಮದುವೆಯ ಅಲಂಕಾರಕ್ಕೆ ಹೇಳಿಟ್ಟಿದ್ದವರು ಫೋನ್ ಮಾಡಿ ಬೇಡವೆಂದರು. ಹನ್ನೊಂದನೆಯ ದಿನ ಮಧ್ಯಾಹ್ನ ಗುರುಲಿಂಗಮ್ಮ ಒಬ್ಬಳೇ ಬಂದಳು. ಒಳಗೆ ಬಂದವಳು ಬಾಗಿಲು ಮುಂದೆ ಮಾಡಿ, ಕಿಟಕಿಯ ಕಡೆ ಒಂದು ಸಲ ನೋಡಿದಳು.

“ಚಾಮರಾಜನಗರದಲ್ಲಿ ಮಾಡಿಸ್ದೊ. ಎರಡೂ ಒಂದೇ ದಿನ. ಕೂದ್ಲ ಕತ್ತರಿಸಿ ನೋಡಕೆ ನಾನು ಬುಡ್ನಿಲ್ಲ. ತಲೆ ತೊಳೀವಾಗ ನೋಡ್ತೀನಿ, ಬಚ್ಚಲ ತುಂಬ ಕೂದ್ಲು! ನಿನ್ ಬಟ್ಟಲಲ್ಲಿ ಎಂಗ್ ತುಂಡಾಗಿತ್ತೋ ಅಂಗೇ, ಕಣ್ಣಾರೆ ಕಂಡೆ. ತಲೆ ತುಂಬ ಸೆರಗು ಒದ್ಸಿ ಕೂರ್ಸಿ ಶಾಸ್ತ್ರ ಮುಗಿಸ್ದೊ.”

“ಅಮ್ಮ, ಅದು ನಾನು ಮಾಡಿದ್ದಲ್ಲ. ಅದು...” ಮದುವೆ ಇನ್ನೂ ಆಗಿಲ್ಲ ಎಂಬುದು ಸೆಲ್ವಿಗೆ ನೆನಪಾಯಿತು.

“ಆಯ್ತು ಬುಡು, ನಾನೇನ್ ಜಗಳಕ್ಕೆ ಬರ್ನಿಲ್ಲ.” ಗುರುಲಿಂಗಮ್ಮ ಸೊಂಟದಿಂದ ಒಂದು ಕಾಗದದ ಪೊಟ್ಟಣ ತೆಗೆದು, ಕನ್ನಡಿಯ ಮುಂದೆ ಬಿಚ್ಚಿಟ್ಟಳು. ಬಾಚಣಿಗೆಯಿಂದ ಬಿಡಿಸಿ ಸುತ್ತಿದ ಹಿಡಿ ಕೂದಲು, ಅರ್ಧ ನೆರೆತದ್ದು.

“ನಮ್ಮ ವಾರಗಿತ್ತೀದು,” ಎಂದಳು. “ಪೂರ್ತಿ ಬ್ಯಾಡ ಕಣವ್ವ. ಅರ್ಧ ಕುದುಸು, ಸಾಕು.”