ನಲವತ್ತೊಂದು ಅರ್ಜಿಗಳು

"ನಲವತ್ತೊಂದು!" ಮ್ಯಾನೇಜರ್ ಶ್ರೀನಿವಾಸ್ ತನ್ನ ಲ್ಯಾಪ್‌ಟಾಪನ್ನು ಇಬ್ಬರ ಕಡೆಗೂ ತಿರುಗಿಸಿ ಹಿಡಿದ. "ಮಂಗಳವಾರ ನಲವತ್ತೊಂದು, ಬುಧವಾರ ನಲವತ್ತೊಂದು, ಇವತ್ತು ಶುಕ್ರವಾರ, ಇವತ್ತೂ ನಲವತ್ತೊಂದು. ಏನ್ ಗುರು ಇದು? ದಿನಾ ಪ್ರೋಗ್ರಾಂ ಓಡ್ತಿದೆ ಅಂತೀರಾ, ಒಂದೂ ಅಳೀತಿಲ್ವಲ್ಲ!"

"ಓಡ್ತಿದೆ. ಎಲ್ಲೂ ಎರರ್ ಬಂದಿಲ್ಲ," ಎಂದ ಕೆಂಪರಾಜ್, ಪರದೆಯಿಂದ ಕಣ್ಣು ಎತ್ತದೆ.

ಇಂದಿರಾನಗರದ ಆ ಮೂರನೇ ಮಹಡಿಯಲ್ಲಿ ಕೆಂಪರಾಜ್ ಮತ್ತು ಹಂಸ ಆರು ವರ್ಷದಿಂದ ಒಬ್ಬನೇ ಗಿರಾಕಿಯ ಕೆಲಸ ನೋಡಿಕೊಂಡು ಬಂದಿದ್ದರು. ಆ ಗಿರಾಕಿ ಈಗ ವ್ಯಾಪಾರ ನಿಲ್ಲಿಸಿದ್ದ. ಕ್ಲೌಡ್‌ನಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಯಂತ್ರಗಳನ್ನೆಲ್ಲ ತೆಗೆದಾಗಿತ್ತು. ಅವು ಒಂದಕ್ಕೊಂದು ಸಂಪರ್ಕವಿಟ್ಟುಕೊಳ್ಳಲು ಬಳಸುತ್ತಿದ್ದ ನಲವತ್ತೊಂದು ನೆಟ್‌ವರ್ಕ್ ಇಂಟರ್‌ಫೇಸುಗಳು ಮಾತ್ರ, ಫ್ರಿಜ್ಜು ಟೀವಿ ಸಾಗಿಸಿದ ಮೇಲೂ ಗೋಡೆಯಲ್ಲಿ ಉಳಿಯುವ ಪ್ಲಗ್ ಪಾಯಿಂಟುಗಳ ಹಾಗೆ, ಉಳಿದುಬಿಟ್ಟಿದ್ದವು. ಅವೂ ಅಳಿದರೆ ಆ ಕೆಲಸ ಮುಗಿಯುತ್ತದೆ. ಮುಗಿದ ಕೂಡಲೇ ಹಂಸಳಿಗೆ ಹೈದರಾಬಾದಿಗೆ ವರ್ಗ. ಗಂಡ ತೀರಿಕೊಂಡ ವರ್ಷ, ಅಕ್ಕನ ಹತ್ತಿರ ಇರೋಣವೆಂದು ಅವಳೇ ಕೇಳಿಕೊಂಡಿದ್ದ ವರ್ಗ ಅದು. ಮೂರು ವರ್ಷ ತಡವಾಗಿ ಬಂದಿತ್ತು.

"ಮೇಡಮ್, ನೀವೇ ಒಂದ್ಸಲ ನೋಡ್ಬಿಡಿ. ಸೋಮವಾರಕ್ಕೆ ಅಲ್ಲಿ ನಿಮಗೆ ಸೀಟು ರೆಡಿ ಮಾಡಿ ಕಾಯ್ತಾವ್ರೆ," ಎಂದ ಶ್ರೀನಿವಾಸ್. ಅಷ್ಟರಲ್ಲಿ ಫೋನ್ ಬಂತು, ಒಳಕೋಣೆಗೆ ಹೋದ.

ಹಂಸ ಕುರ್ಚಿ ಎಳೆದುಕೊಂಡು ಕೆಂಪರಾಜನ ಮೇಜಿನ ಹತ್ತಿರ ಬಂದಳು. ಪ್ರೋಗ್ರಾಂ ಇಪ್ಪತ್ತೇ ಸಾಲಿನದು. ಅವರು ಬಳಸುವ, ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಯ ರೀತಿಯೇ ಬೇರೆ. ಅದರಲ್ಲಿ 'ಇದನ್ನು ಅಳಿಸು' ಎಂದು ಬರೆದರೆ ಒಂದು ಅರ್ಜಿ ತಯಾರಾಗುತ್ತದೆ, ಅಷ್ಟೇ. 'ಕಳಿಸು' ಎಂದು ಬೇರೆಯಾಗಿ ಹೇಳಿದರೆ ಮಾತ್ರ ಅದು ಕ್ಲೌಡ್‌ಗೆ ಹೋಗುತ್ತದೆ. ಹೇಳದಿದ್ದರೆ ಅಲ್ಲೇ ಇರುತ್ತದೆ. ತಪ್ಪಾಯಿತೆಂದು ಯಾರೂ ಕೂಗುವುದಿಲ್ಲ. ಕೆಂಪರಾಜ್ ನಲವತ್ತೊಂದು ಅರ್ಜಿಗಳನ್ನೂ ಅಚ್ಚುಕಟ್ಟಾಗಿ ಬರೆದಿದ್ದ. ಕೊನೆಗೆ 'ಮುಗಿಯಿತು' ಎಂದೂ ತೋರಿಸುವಂತೆ ಮಾಡಿದ್ದ. ಕಳಿಸುವ ಸಾಲೇ ಇರಲಿಲ್ಲ.

"ಕಳಿಸೇ ಇಲ್ವಲ್ರೀ," ಎಂದಳು ಮೆಲ್ಲಗೆ.

"ಹೂಂ."

"ಹೊಸಬರಿಗೆಲ್ಲ ಮೊದಲನೇ ದಿನ ಇದನ್ನೇ ಹೇಳ್ಕೊಡ್ತೀರಿ. ಬರೆಯೋದು ಬೇರೆ, ಕಳಿಸೋದು ಬೇರೆ ಅಂತ. ಮದುವೆ ಗೋಜಿಲ್ಲ, ಮಕ್ಕಳ ಗಲಾಟೆ ಇಲ್ಲ, ಐವತ್ತಕ್ಕೇ ನಿಮಗೆ ಮರೆವಾ? ಈ ಸುದ್ದಿ ಕೇಳಿದ್ರೆ ಆ ಹುಡುಗ್ರು ಕೇಕ್ ತರಿಸ್ತಾರೆ."

ಕೆಂಪರಾಜ್ ನಗಲಿಲ್ಲ. "ಮಂಗಳವಾರ ಇದನ್ನ ಓದಿದ್ದು ನೀವೇ ಅಲ್ವಾ ಮೇಡಮ್? ಸರಿಯಿದೆ ಅಂತ ಒತ್ತಿದ್ರಿ. ಇಲ್ಲೇ ನಿಮ್ಮ ಹೆಸರಿದೆ ನೋಡಿ."

ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಏನನ್ನೂ ಓಡಿಸಕೂಡದೆಂಬುದು ಆ ಆಫೀಸಿನ ಕಟ್ಟಳೆ. ಈ ಆರು ವರ್ಷದಲ್ಲಿ ಕೆಂಪರಾಜ್ ಒಂದು ಅಲ್ಪವಿರಾಮ ಹೆಚ್ಚಿಗೆ ಹಾಕಿದರೂ ವಾಪಸ್ ಕಳಿಸಿದವಳು ಹಂಸ. ಮಂಗಳವಾರದ ಈ ಇಪ್ಪತ್ತು ಸಾಲನ್ನು ಎರಡು ನಿಮಿಷದಲ್ಲಿ ಒಪ್ಪಿಬಿಟ್ಟಿದ್ದಳು.

"ಕಾಣ್ಲಿಲ್ಲ," ಎಂದಳು.

"ನನಗೂ ಕಾಣ್ಲಿಲ್ಲ," ಎಂದ ಅವನು.

ಕೆಳಗೆ ನೂರಡಿ ರಸ್ತೆಯಲ್ಲಿ ಯಾರೋ ಹಾರ್ನ್ ಒತ್ತಿ ಹಿಡಿದಿದ್ದರು.

"ಅಕ್ಕ ನನ್ನ ರೂಮಿಗೆ ಬಣ್ಣ ಹೊಡೆಸಿದ್ದಾಳೆ," ಎಂದಳು ಹಂಸ.

"ಹೇಳಿದ್ರಿ."

"ಕೆ.ಆರ್. ಪುರದ ನಿಮ್ಮ ಹಿತ್ತಲಿನ ಸೀಬೆಗಿಡ? ಈ ಸಲ ಹಣ್ಣೇ ತರಲಿಲ್ಲ ನೀವು."

"ಈಗ ಹೂ ಬಿಟ್ಟಿದೆ. ಹಣ್ಣಾಗೋಕೆ ಇನ್ನೂ ನಾಲ್ಕು ತಿಂಗಳು ಬೇಕು." ಅವನು ನೀರಿನ ಬಾಟಲಿ ಎತ್ತಿ ಕುಡಿದ.

ಒಳಕೋಣೆಯ ಬಾಗಿಲು ತೆರೆಯಿತು. "ಸಿಕ್ತಾ?" ಎಂದ ಶ್ರೀನಿವಾಸ್.

"ಸಿಕ್ತು. ಒಂದು ಸಾಲು ಬಿಟ್ಟುಹೋಗಿದೆ. ನಾನೇ ಹಾಕ್ತೀನಿ," ಎಂದಳು ಹಂಸ.

"ಒಂದು ಸಾಲಿಗೆ ನಾಲ್ಕು ದಿನ! ಒಳ್ಳೆ ಜೋಡಿ ಕಣ್ರೀ ನೀವು. ಆರು ಗಂಟೆಯೊಳಗೆ ಮುಗಿಸ್ಬಿಡಿ, ಗಿರಾಕಿಗೆ ಮೇಲ್ ಹಾಕ್ಬೇಕು."

ಹಂಸ ತನ್ನ ಮೇಜಿಗೆ ಹೋಗಿ ಆ ಸಾಲು ಬರೆದಳು. ಈಗ ಓದಿ ಒಪ್ಪಬೇಕಾದವನು ಕೆಂಪರಾಜ್. ಅವನು ಓದಿದ. ಸಾಲಿನಲ್ಲಿ ಬಳಸಿದ ಹೆಸರು ಸ್ಪಷ್ಟವಾಗಿಲ್ಲ ಎಂದು ಬರೆದು ವಾಪಸ್ ಕಳಿಸಿದ. ಅವಳು ಬದಲಿಸಿದಳು. ಏನು ಮಾಡುತ್ತದೆಂದು ಮೇಲೆ ವಿವರಣೆ ಬೇಕು ಎಂದ. ಬರೆದಳು. ವಿವರಣೆ ಉದ್ದವಾಯಿತು ಎಂದ. ಮೊಟಕು ಮಾಡಿದಳು. ಹೊಸಬರು ಚೀಲ ಹೆಗಲಿಗೇರಿಸಿ ಒಬ್ಬೊಬ್ಬರೇ ಮೆಟ್ರೋ ಕಡೆಗೆ ಇಳಿದುಹೋದರು. ನಾಲ್ಕಡಿ ಅಂತರದಲ್ಲಿ ಕೂತಿದ್ದ ಇವರಿಬ್ಬರ ನಡುವೆ ಆ ಒಂದು ಸಾಲು ಹೋಗುತ್ತಿತ್ತು, ಬರುತ್ತಿತ್ತು.

ಆರಕ್ಕೆ ಹತ್ತು ನಿಮಿಷವಿರುವಾಗ ಕೆಂಪರಾಜನ ಬೆರಳುಗಳು ನಿಂತವು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇನ್ನೇನೂ ತಪ್ಪಿಲ್ಲ ಮೇಡಮ್," ಎಂದ.

ಹಂಸ ಅವನ ಕಡೆ ತಿರುಗಲಿಲ್ಲ.

"ಸರಿಯಾಗಿ ನೋಡಿ ಕೆಂಪರಾಜ್," ಎಂದಳು. "ನಿಧಾನವಾಗಿ ನೋಡಿ."